ಒಂದು ಶೀಟು, ಒಂದೇ ಚಾನ್ಸು: ದೊಡ್ಡ ಫಿಲ್ಮನ್ನ ಯಾವ ಲ್ಯಾಬಿಗೆ ಕೊಡೋದು?

ಫಿಲ್ಮ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಅಪ್ಪ-ಅಮ್ಮನ ಮದುವೆ ಆಲ್ಬಮ್ಮಿನ ಜೊತೆ ಕವರಿನಲ್ಲಿ ಇಟ್ಟಿರೋ ಕಂದು ಬಣ್ಣದ ಪಟ್ಟಿ. ಅದು 35 ಮಿಲಿಮೀಟರ್ ರೀಲು. ಲಾರ್ಜ್ ಫಾರ್ಮ್ಯಾಟ್ ಬೇರೆಯದೇ ಜಾತಿ. ಅಲ್ಲಿ ರೀಲೇ ಇಲ್ಲ, ಒಂದೊಂದು ಫೋಟೋಗೂ ಒಂದೊಂದು ಬಿಡಿ ಶೀಟು. ಸಾಮಾನ್ಯವಾಗಿ 4×5 ಇಂಚು, ಇನ್ನೂ ದೊಡ್ಡದು ಬೇಕಂದ್ರೆ 8×10. 4×5ರ ಒಂದು ಚಿತ್ರ 35 ಮಿಲಿಮೀಟರಿನ ಒಂದು ಫ್ರೇಮಿಗಿಂತ ಸುಮಾರು 13 ಪಟ್ಟು ದೊಡ್ಡದು.

ಈ ವರ್ಷ ನಮ್ಮ ಕಾಲೇಜಿನ ಹಳೇ ಮೆಕ್ಯಾನಿಕಲ್ ವರ್ಕ್‌ಶಾಪ್ ಕೆಡವ್ತಾರೆ ಅಂತ ಗೊತ್ತಾದಾಗ, ನಾವು ನಾಲ್ಕು ಜನ ಸೀನಿಯರ್ ಒಬ್ಬರ ಹತ್ರ 4×5 ಕ್ಯಾಮೆರಾ ಕೇಳಿ ತಂದು ಐದು ನೋಟ ತೆಗೆದ್ವಿ. ಪ್ರತಿ ನೋಟಕ್ಕೆ ಎರಡು ಶೀಟ್, ಒಟ್ಟು ಹತ್ತು. ರಜೆಯಲ್ಲಿ ಕಟ್ಟಡ ಹೋಯ್ತು. ಈಗ ಆ ಬೆಲ್ಟ್ ಲೇತ್‌ಗಳು, ಮಸಿ ಹಿಡಿದ ಕಿಟಕಿಗಳು ಇರೋದು ಒಂದು ಕಪ್ಪು ಡಬ್ಬಿಯೊಳಗೆ, ಅದೂ ಕಣ್ಣಿಗೆ ಕಾಣದ ಹಾಗೆ. ತೊಳೆಯೋ ಕಡೆ ಎಡವಟ್ಟಾದ್ರೆ ಮತ್ತೆ ತೆಗೆಯೋಕೆ ಕಟ್ಟಡವೇ ಇಲ್ಲ. ಹಾಗಾಗಿ ಲ್ಯಾಬ್ ಹುಡುಕೋಕೆ ನಾವು ಫೋಟೋ ತೆಗೆದಿದ್ದಕ್ಕಿಂತ ಜಾಸ್ತಿ ದಿನ ತಗೊಂಡ್ವಿ.

ಮೊದಲನೇ ವಿಷಯ: "ಫಿಲ್ಮ್ ತೊಳೀತೀವಿ" ಅಂತ ಬೋರ್ಡ್ ಇದ್ರೆ ಸಾಲದು. ಸ್ಟುಡಿಯೋಗಳಲ್ಲಿ ಇರೋ ಮಿನಿಲ್ಯಾಬ್ ಮೆಷಿನ್ ರೀಲಿಗೆ ಮಾಡಿದ್ದು. ರೀಲಿನ ತುದಿಗೆ ಲೀಡರ್ ಕಾರ್ಡ್ ಅಂಟಿಸಿದ್ರೆ ಅದು ಒಳಗೆ ಎಳ್ಕೊಂಡು ಹೋಗುತ್ತೆ. ಬಿಡಿ ಶೀಟು ಅದರೊಳಗೆ ಹೋಗೋದೇ ಇಲ್ಲ. ಶೀಟಿಗೆ ಬೇರೆ ದಾರಿಗಳಿವೆ. ಡಿಪ್ ಆಂಡ್ ಡಂಕ್ ಅನ್ನೋದ್ರಲ್ಲಿ ಶೀಟುಗಳನ್ನ ಹ್ಯಾಂಗರಿಗೆ ನೇತು ಹಾಕಿ ಒಂದು ಟ್ಯಾಂಕಿಂದ ಇನ್ನೊಂದಕ್ಕೆ ಮುಳುಗಿಸ್ತಾ ಹೋಗ್ತಾರೆ, ಫಿಲ್ಮಿನ ಮುಖಕ್ಕೆ ಏನೂ ತಾಗಲ್ಲ. ರೋಟರಿ ಡ್ರಮ್‌ನಲ್ಲಿ ಸ್ವಲ್ಪ ಶೀಟು ಹಾಕಿ ಉರುಳಿಸ್ತಾರೆ. ಜರ್ಮನಿಯ ಯೋಬೋ ಕಂಪನಿಯ ಒಂದು ಡ್ರಮ್ 4×5 ಅಳತೆಯ 10 ಶೀಟ್ ಹಿಡಿಯುತ್ತೆ. ಇದರಲ್ಲಿ ಸಾಮಾನ್ಯವಾಗಿ ಪ್ರತಿ ಸಲ ಹೊಸ ಕೆಮಿಕಲ್, ಹಳೇದನ್ನ ಚೆಲ್ಲಿಬಿಡ್ತಾರೆ. ರೋಲರ್ ಮೆಷಿನ್ನೂ ಇದೆ, ಆದ್ರೆ ರೋಲರ್ ಕ್ಲೀನ್ ಇಲ್ಲದಿದ್ರೆ ಉದ್ದಕ್ಕೆ ಗೀರು ಬೀಳುತ್ತೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದ್ರೆ "ಯಾವುದರಲ್ಲಿ ಮಾಡ್ತೀರಾ ಸರ್?" ಅಂತ ಕೇಳಿದಾಗ ಉತ್ತರ ತಡವರಿಸಿದ್ರೆ ನಮಸ್ಕಾರ ಹೇಳಿ ಫೋನ್ ಇಡಬೇಕು, ಅಷ್ಟೇ.

ಕಲರ್ ಫಿಲ್ಮ್ ಆದ್ರೆ ಟೆಂಪರೇಚರ್ ಕಥೆ ಇನ್ನೂ ಮಜಾ. ಕಲರ್ ನೆಗೆಟಿವ್‌ನ ಸಿ-41 ಪ್ರೋಸೆಸ್‌ನಲ್ಲಿ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್, 3 ನಿಮಿಷ 15 ಸೆಕೆಂಡ್. ಆಚೀಚೆ ಹೋಗಬಹುದಾದ್ದು ಬರೀ 0.15 ಡಿಗ್ರಿ. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಥರ್ಮಾಮೀಟರಿನ ಲೀಸ್ಟ್ ಕೌಂಟೇ 1 ಡಿಗ್ರಿ! ಯಾಕಿಷ್ಟು ಬಿಗಿ ಅಂದ್ರೆ, ಫಿಲ್ಮಿನೊಳಗೆ ಮೂರು ಬಣ್ಣಗಳ ಪದರ ಇರುತ್ತೆ. ಬಿಸಿ ಬದಲಾದ್ರೆ ಮೂರೂ ಒಂದೇ ಅಳತೆಯಲ್ಲಿ ಬದಲಾಗಲ್ಲ. ನೆರಳು ಒಂದು ಬಣ್ಣಕ್ಕೆ, ಬೆಳಕು ಇನ್ನೊಂದು ಬಣ್ಣಕ್ಕೆ ವಾಲುತ್ತೆ, ಕಂಪ್ಯೂಟರಿನಲ್ಲಿ ಎಷ್ಟು ಎಳೆದಾಡಿದ್ರೂ ಪೂರ್ತಿ ಸರಿ ಹೋಗಲ್ಲ.

ಅದಕ್ಕೇ ಕೇಳಬೇಕಾದ ದೊಡ್ಡ ಪ್ರಶ್ನೆ, "ಕಂಟ್ರೋಲ್ ಸ್ಟ್ರಿಪ್ ಓಡಿಸ್ತೀರಾ?" ಇದು ಫ್ಯಾಕ್ಟರಿಯಲ್ಲೇ ಅಳೆದ ಬೆಳಕು ಬೀಳಿಸಿದ ಫಿಲ್ಮಿನ ತುಂಡು. ಲ್ಯಾಬಿನವರು ಇದನ್ನ ತಮ್ಮ ಕೆಮಿಕಲ್‌ನಲ್ಲಿ ತೊಳೆದು, ಡೆನ್ಸಿಟೋಮೀಟರಿನಲ್ಲಿ ಅಳೆದು, ರೆಫರೆನ್ಸ್ ಜೊತೆ ಹೋಲಿಸಿ ಗ್ರಾಫ್ ಹಾಕ್ತಾರೆ. ನಾವು ಓದೋ ಕ್ವಾಲಿಟಿ ಕಂಟ್ರೋಲ್ ಚಾರ್ಟೇ, ಅದೇ ಮೇಲಿನ ಗೆರೆ, ಅದೇ ಕೆಳಗಿನ ಗೆರೆ. "ಇಪ್ಪತ್ತು ವರ್ಷದ ಅನುಭವ ಇದೆ ಕಣ್ರೀ" ಅನ್ನೋದು ಇದಕ್ಕೆ ಉತ್ತರ ಅಲ್ಲ. ಇದರ ಜೊತೆಗೇ ವಾರಕ್ಕೆ ಎಷ್ಟು ಫಿಲ್ಮ್ ಬರುತ್ತೆ ಅಂತಾನೂ ವಿಚಾರಿಸಿ. ದೊಡ್ಡ ಟ್ಯಾಂಕಿನ ಕೆಮಿಕಲ್ ಕೆಲಸ ಇಲ್ಲದೆ ನಿಂತ್ರೆ ಗಾಳಿಗೆ ಆಕ್ಸಿಡೈಸ್ ಆಗುತ್ತೆ. ಜನ ಹೆಚ್ಚು ಹೋಗೋ ಹೋಟೆಲಿನ ಸಾಂಬಾರಿನ ಲಾಜಿಕ್ಕು ಇಲ್ಲೂ ನಡೆಯುತ್ತೆ.

ನಮ್ಮದು ಬ್ಲಾಕ್ ಆಂಡ್ ವೈಟ್, ಇಲ್ಫರ್ಡ್ ಎಚ್‌ಪಿ5 ಪ್ಲಸ್. ಇಲ್ಲಿ ಎಲ್ಲ ಫಿಲ್ಮಿಗೂ ಒಂದೇ ಸಮಯ ಅನ್ನೋ ಮಾತಿಲ್ಲ. ಐಡಿ-11 ಡೆವಲಪರ್‌ನಲ್ಲಿ, 20 ಡಿಗ್ರಿಯಲ್ಲಿ, 400 ಐಎಸ್‌ಒಗೆ ತೆಗೆದಿದ್ರೆ ಏಳೂವರೆ ನಿಮಿಷ. 800ಕ್ಕೆ ತೆಗೆದಿದ್ರೆ ಹತ್ತೂವರೆ. ಅಂದ್ರೆ ಒಳ್ಳೇ ಲ್ಯಾಬ್ ನಿಮ್ಮನ್ನೇ ತಿರುಗಿ ಪ್ರಶ್ನೆ ಕೇಳುತ್ತೆ: ಯಾವ ಫಿಲ್ಮು, ಎಷ್ಟು ಸ್ಪೀಡಿಗೆ ತೆಗೆದ್ರಿ, ಸಮಯ ಹೆಚ್ಚು-ಕಮ್ಮಿ ಮಾಡಬೇಕಾ? ಏನೂ ಕೇಳದೆ "ಕಳ್ಸಿ, ಮಾಡ್ತೀವಿ" ಅಂದವರ ಮೇಲೆ ನಮಗೆ ಅನುಮಾನ ಬಂತು.

ಮಾತು ಎಷ್ಟಾದ್ರೂ ಮಾತೇ, ಟೆಸ್ಟ್ ಶೀಟ್ ಕಳಿಸಲೇಬೇಕು. ಏನು ಫೋಟೋ ತೆಗೆಯೋದು ಗೊತ್ತಾ? ಖಾಲಿ ಗೋಡೆ. ಒಂದೇ ಬಣ್ಣದ, ಒಂದೇ ಸಮ ಬೆಳಕು ಬಿದ್ದ ಗೋಡೆಯನ್ನ ಸ್ವಲ್ಪ ಔಟ್ ಆಫ್ ಫೋಕಸ್ ಮಾಡಿ ತೆಗೀಬೇಕು. ಮರ-ಗಿಡ ಇರೋ ಚಿತ್ರದಲ್ಲಿ ಕಲೆ ಅಡಗುತ್ತೆ, ಗೋಡೆಯಲ್ಲಿ ಅಡಗೋಕೆ ಜಾಗ ಇಲ್ಲ. ಕೆಮಿಕಲ್ ಸರಿಯಾಗಿ ಕಲಕದಿದ್ರೆ ಅಂಚು ಒಂದು ಥರ, ನಡು ಒಂದು ಥರ ಕಾಣುತ್ತೆ. ನಾವು ಎರಡು ಲ್ಯಾಬಿಗೆ ಒಂದೊಂದು ಗೋಡೆ ಕಳಿಸಿದ್ವಿ. ಒಂದು ಕಡೆಯಿಂದ ಬಂದ ಶೀಟಿನಲ್ಲಿ ಅಂಚಿನಿಂದ ಒಳಗೆ ಪಟ್ಟೆ ಪಟ್ಟೆ, ಮೂಲೇಲಿ ಯಾರದೋ ಹೆಬ್ಬೆಟ್ಟಿನ ಗುರುತು ಬೇರೆ. ಇನ್ನೊಂದು ಬೋರಿಂಗ್ ಆಗಿತ್ತು, ಮೂಲೆಯಲ್ಲಿ ಕ್ಲಿಪ್ಪಿನ ಸಣ್ಣ ಗುರುತು ಬಿಟ್ರೆ ಬರೀ ಬೂದು. ನಮಗೆ ಬೇಕಾಗಿದ್ದು ಆ ಬೋರೇ.

ಕಳಿಸೋ ವಿಧಾನ ಬೇಗ ಹೇಳ್ತೀವಿ. ಫಿಲ್ಮ್ ಬಂದ ಡಬ್ಬಿಯಲ್ಲೇ, ಒಳಗೆ ಕಪ್ಪು ಕವರ್ ಹಾಕಿ, ಸುತ್ತ ಟೇಪ್. ಮೇಲೆ ಫಿಲ್ಮಿನ ಹೆಸರು, ಶೀಟಿನ ಸಂಖ್ಯೆ, ಪ್ರೋಸೆಸ್, ಮತ್ತೆ ದೊಡ್ಡದಾಗಿ "ಕತ್ತಲಲ್ಲಿ ಮಾತ್ರ ತೆರೆಯಿರಿ". ಕಲರ್ ಮತ್ತು ಬ್ಲಾಕ್ ಆಂಡ್ ವೈಟ್ ಒಂದೇ ಡಬ್ಬಿಗೆ ಬೇಡ. ಏರ್‌ಪೋರ್ಟ್ ಮೂಲಕ ನೀವೇ ಒಯ್ಯೋದಾದ್ರೆ ಹ್ಯಾಂಡ್ ಚೆಕ್ ಕೇಳಿ, ಹೊಸ ಸಿಟಿ ಸ್ಕ್ಯಾನರ್‌ಗಳು ಫಿಲ್ಮನ್ನ ಮಸುಕು ಮಾಡ್ತವೆ.

ಎಷ್ಟೇ ಒಳ್ಳೇ ಲ್ಯಾಬ್ ಆದ್ರೂ ಎಲ್ಲ ಶೀಟು ಒಟ್ಟಿಗೆ ಕೊಡಬಾರದು. ಆನ್ಸೆಲ್ ಆಡಮ್ಸ್ 1941ರಲ್ಲಿ "ಮೂನ್‌ರೈಸ್, ಹೆರ್ನಾಂಡೆಜ್" ತೆಗೆದಾಗ ಎರಡನೇ ಶೀಟ್ ತೆಗೆಯೋಷ್ಟರಲ್ಲಿ ಬೆಳಕೇ ಹೋಗಿತ್ತು. ಇದ್ದ ಒಂದೇ 8×10 ನೆಗೆಟಿವನ್ನ ಅವರು ತುಂಬಾ ಹುಷಾರಾಗಿ ತೊಳೆದರು. ಆದ್ರೂ ಕೆಳಭಾಗ ತೆಳುವಾಗಿದೆ ಅಂತ ವರ್ಷಗಳ ಮೇಲೆ ಅದೇ ನೆಗೆಟಿವನ್ನ ಮತ್ತೆ ಕೆಮಿಕಲ್‌ಗೆ ಇಳಿಸಿ ದಟ್ಟ ಮಾಡಬೇಕಾಯ್ತು. ನಮಗೆ ಅಷ್ಟು ಧೈರ್ಯ ಇಲ್ಲ.

ಅದಕ್ಕೇ ಮೊದಲು ಐದು ಶೀಟ್ ಮಾತ್ರ ಕಳಿಸಿದ್ವಿ, ಅವುಗಳ ಜೋಡಿ ಫ್ರಿಜ್‌ನಲ್ಲಿ ಉಳೀತು. ಬಂದಿದ್ದನ್ನ ಲೈಟ್ ಟೇಬಲ್ ಮೇಲೆ ಇಟ್ರೆ ಮೂರು ಚೆನ್ನಾಗಿದ್ವು, ಲೇತಿನ ನಂಬರ್ ಪ್ಲೇಟ್ ಕೂಡ ಓದೋಕಾಗ್ತಿತ್ತು. ಉಳಿದ ಎರಡರಲ್ಲಿ ಕಿಟಕಿಯ ಭಾಗ ತೀರಾ ದಟ್ಟ. ಆ ಎರಡರ ಜೋಡಿ ಶೀಟುಗಳು ಸೋಮವಾರ ಕೊರಿಯರ್‌ನಲ್ಲಿ ಹೋದ್ವು, ಡಬ್ಬಿ ಮೇಲೆ "ಡೆವಲಪರ್ ಸಮಯ ಶೇ. 20 ಕಮ್ಮಿ" ಅಂತ ಬರೆದು.