ಶಿಶುಸಾಹಿತ್ಯದ ಪ್ರಕಾರಗಳು: ಬೆಳಗಾವಿ–ಖಾನಾಪುರ ಸೀಮೆಯಿಂದ ಒಂದು ವಿವೇಚನೆ

ಶಿಶುಸಾಹಿತ್ಯವನ್ನು ಜೋಗುಳ, ಶಿಶುಪ್ರಾಸ, ಒಗಟು, ಕಥೆ, ಕಥನಕವನ, ನಾಟಕ ಎಂದು ವಿಂಗಡಿಸುವುದು ರೂಢಿಯಾಗಿದೆ. ಈ ವಿಂಗಡಣೆ ತಪ್ಪೆಂದು ಹೇಳಲಾಗದು. ಆದರೆ ಅದು ಕೃತಿಯ ಹೊರ ಆಕಾರವನ್ನಷ್ಟೇ ಗುರುತಿಸುತ್ತದೆ. ಯಾವ ಪ್ರಕಾರವು ಯಾವುದರ ಬಲದಿಂದ ನಿಂತಿದೆಯೆಂಬುದನ್ನು ಅರಿಯಬೇಕಾದರೆ ಎರಡು ಭಾಷೆಗಳು ಕೂಡುವ ಎಡೆಯಲ್ಲಿ ಅದನ್ನು ಪರೀಕ್ಷಿಸಬೇಕು. ಕನ್ನಡ ಮರಾಠಿಗಳೆರಡೂ ಮಕ್ಕಳ ಕಿವಿಗೆ ಬೀಳುವ ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕು ಅಂಥ ಎಡೆಗಳು.

ಶಿಶುಪ್ರಾಸದ ಜೀವವಿರುವುದು ನಾದದಲ್ಲಿ. ಮರಾಠಿಗರು ಇದನ್ನು ‘ಬಡಬಡಗೀತ’ವೆನ್ನುತ್ತಾರೆ, ಹೆಸರೇ ಅದರ ಸ್ವರೂಪವನ್ನು ಸಾರುತ್ತದೆ. ಪಂಜೆ ಮಂಗೇಶರಾಯರ, ಜಿ. ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳ ಅರ್ಥವನ್ನು ಮರಾಠಿಯಲ್ಲಿ ಹೇಳಬಹುದು, ಪದ್ಯವನ್ನು ಹೇಳಲಾಗದು. ಆದರೆ ಮರಾಠಿ ಮನೆಯ ಮಗು ಕನ್ನಡದ ಪ್ರಾಸವನ್ನು ಇದ್ದಂತೆಯೇ ಎತ್ತಿಕೊಂಡು ಹಾಡಬಲ್ಲದು. ಪ್ರಾಸವನ್ನು ಎರವಲು ತರಬಹುದು, ಭಾಷಾಂತರಿಸಲು ಬಾರದು. ಒಗಟಿನಲ್ಲಿ ಎರಡು ಬಗೆ: ರೂಪಕದ ಮೇಲೆ ನಿಂತದ್ದು ಗಡಿ ದಾಟುತ್ತದೆ, ಶ್ಲೇಷೆಯ ಮೇಲೆ ನಿಂತದ್ದು ದಾಟದು.

ಕಥನಕವನದ ಸ್ಥಿತಿ ಇನ್ನೂ ಸ್ವಾರಸ್ಯವಾದುದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವನವು ಮೂಲ. ಅಲ್ಲಿಯ ಕಥೆ ಬಂದಿತು. ನಾದವನ್ನು ಮಾತ್ರ ಕನ್ನಡದಲ್ಲಿ ಹೊಸದಾಗಿಯೇ ಕಟ್ಟಬೇಕಾಯಿತು.

ಇನ್ನು ಕಥೆ. ಎ. ಕೆ. ರಾಮಾನುಜನ್ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಈ ಸೀಮೆಯ ಬಾಯ್ದೆರೆಯ ಕಥೆಗಳನ್ನು ಸಂಗ್ರಹಿಸುತ್ತಲೂ ಇದ್ದರು. ಅವರು 1982ರಲ್ಲಿ ಕನ್ನಡದ ಸಿಂಡರೆಲ್ಲಾ ಎಂದು ವಿವೇಚಿಸಿದ ‘ಹಂಚಿ’ಯ ಕಥೆ ನಮ್ಮ ಚರ್ಚೆಗೆ ಬಹಳ ಉಪಯುಕ್ತ. ಚೆಲುವೆಯಾದ ಹುಡುಗಿಯೊಬ್ಬಳ ಮೇಲೆ ಒಡಹುಟ್ಟಿದ ಅಣ್ಣನಿಗೇ ಮನಸ್ಸಾಗುತ್ತದೆ. ಇದನ್ನರಿತ ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡವನ್ನು ತೊಡಿಸಿ ಮನೆಯಿಂದ ಹೊರಗೆ ಕಳುಹಿಸುತ್ತಾಳೆ. ಆ ಮುಖವಾಡದಿಂದಲೇ ಅವಳಿಗೆ ಹಂಚಿ ಎಂಬ ಹೆಸರು. ಅವಳು ಸಾಹುಕಾರನ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಮುಂದೆ ಅವಳ ನಿಜರೂಪ ಬೆಳಕಿಗೆ ಬರುತ್ತದೆ.

ಈ ಕಥೆಯನ್ನು ಯಾವ ಪ್ರಕಾರದಲ್ಲಿಡೋಣ? ಅಜ್ಜಿಕಥೆಗಳನ್ನು ಅಡುಗೆಮನೆಯಲ್ಲಿ, ಮಕ್ಕಳಿಗೆ ಉಣ್ಣಿಸುವಾಗ ಹೇಳುವುದುಂಟು. ಸುತ್ತ ಹೆಂಗಸರೂ ಕೇಳುತ್ತಿರುತ್ತಾರೆ. ಮಗುವಿಗೆ ಮುಖವಾಡ, ದೊಡ್ಡವರಿಗೆ ತಾಯಿಯ ಭಯ: ಒಂದೇ ಮಾತು ಎರಡು ಕಿವಿಗಳಿಗೆ. ಹಾಗಾಗಿ ‘ಮಕ್ಕಳ ಕಥೆ’ಯೆಂಬುದು ಇಲ್ಲಿ ಕಥೆಯ ಗುಣವಲ್ಲ, ಹೇಳುವ ಸನ್ನಿವೇಶದ ಗುಣ. ಪಠ್ಯಪುಸ್ತಕಕ್ಕೆ ಇಂಥ ಕಥೆ ಸೇರುವಾಗ ತೊಡಕು ಹುಟ್ಟುತ್ತದೆ. ಅಣ್ಣನ ಪ್ರಸಂಗವನ್ನು ಕಿತ್ತುಹಾಕಿದರೆ ಮುಖವಾಡಕ್ಕೆ ಕಾರಣವೇ ಉಳಿಯದು; ಹುಡುಗಿ ಸುಮ್ಮನೆ ವೇಷ ಹಾಕಿದಂತಾಗುತ್ತದೆ. ಇದ್ದಂತೆಯೇ ಅಚ್ಚು ಹಾಕಿದರೆ ಶಿಕ್ಷಕರು ತರಗತಿಯಲ್ಲಿ ತಡವರಿಸುವರು. ನಮ್ಮ ಅಭಿಪ್ರಾಯದಲ್ಲಿ ಚಿಕ್ಕ ತರಗತಿಗಳಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೆ ತಾಯಿಯ ಅಂಜಿಕೆಯನ್ನು ಬಿಡಲಾಗದು. ಮನೆಯೊಳಗೂ ಅಪಾಯವಿರಬಹುದೆಂಬ ಎಚ್ಚರವನ್ನು ಹೆಂಗಸರು ತಲೆಮಾರುಗಳಿಂದ ಮಕ್ಕಳಿಗೆ ಮುಟ್ಟಿಸಿದ್ದು ಈ ಬಗೆಯ ಕಥೆಗಳಿಂದಲೇ. ಪಠ್ಯವನ್ನು ತಿದ್ದುವವರು ಇದನ್ನು ಮರೆಯುವುದು ಸಣ್ಣ ನಷ್ಟವಲ್ಲ.

ಗಡಿಯ ಪರೀಕ್ಷೆಗೆ ಈ ಕಥೆಯನ್ನೂ ಒಡ್ಡಿ ನೋಡಬಹುದು. ಮರಾಠಿಯಲ್ಲಿ ಹೇಳಿದರೆ ತಾಯಿ, ಅಣ್ಣ, ಸಾಹುಕಾರ, ಮುಖವಾಡ ಎಲ್ಲವೂ ದಾಟಿ ಹೋಗುತ್ತವೆ, ಹೆಸರೊಂದು ದಾಟದು. ಕನ್ನಡಿಗರ ಹಂಚು ಮರಾಠಿಗರಿಗೆ ‘ಕೌಲ’. ರಾಮಾನುಜನ್ ಅವರೂ ಇಂಗ್ಲಿಷಿನಲ್ಲಿ ಬರೆಯುವಾಗ ಆ ಹೆಸರನ್ನು ಹಾಗೆಯೇ ಉಳಿಸಿಕೊಂಡರು. ಪ್ರಾಸದ ಒಂದು ಕಾಳು ಕಥೆಯ ಒಡಲಲ್ಲಿಯೂ ಇರುತ್ತದೆಂಬುದಕ್ಕೆ ಇದು ಸಾಕ್ಷಿ. ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಪಾಠ ಹೇಳುವವರಿಗೆ ಇಲ್ಲೊಂದು ಅನುಕೂಲವುಂಟು: ತಿಗರಿಯ ಮೇಲೆ ಮಣ್ಣು ರೂಪ ತಳೆಯುವುದನ್ನು ಕಂಡ ಮಗುವಿಗೆ, ಅದರ ಮನೆಮಾತು ಯಾವುದೇ ಇರಲಿ, ಹಂಚಿಯ ಮುಖದ ಮೇಲಿದ್ದದ್ದು ಏನೆಂದು ವಿವರಿಸಬೇಕಾಗಿಲ್ಲ.