ಬಿಳಿ ಪುಡಿ ಕಂಡಾಕ್ಷಣ ಗುಜರಿಗಲ್ಲ

ಹಳೇ ಗಾಡಿಯ ಕಾರ್ಬೊರೇಟರ್ ಉಳಿಸಬೇಕೋ, ಬದಲಿಸಬೇಕೋ? ಉತ್ತರ ಅದರೊಳಗಿನ ಎರಡೇ ಜಾಗಗಳಲ್ಲಿದೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಮಾತ್ರ ಇನ್ನೂ ನಿವೃತ್ತಿ ಪಡೆದಿಲ್ಲ. ಪ್ರತಿ ಜುಲೈನ ಎರಡನೇ ಭಾನುವಾರ ಜಾವಾ ದಿನದ ನೆಪದಲ್ಲಿ ಜೋಡಿ ಸೈಲೆನ್ಸರ್‌ಗಳ ಸದ್ದು ರಸ್ತೆಗೆ ಮರಳುತ್ತದೆ. ಆ ದಿನ ಹತ್ತಿರ ಬಂದಂತೆ, ವರ್ಷಗಟ್ಟಲೆ ಹಿತ್ತಿಲ ಶೆಡ್ಡಿನಲ್ಲಿ ಮಲಗಿದ್ದ ಗಾಡಿಗಳ ಮೇಲಿನ ಗೋಣಿತಾಟು ಸರಿಯುತ್ತದೆ. ಎಷ್ಟು ಕಿಕ್ ಹೊಡೆದರೂ ಎಂಜಿನ್ ಏಳುವುದಿಲ್ಲ. ಕಾರ್ಬೊರೇಟರ್ ಬಿಚ್ಚಿದರೆ ಫ್ಲೋಟ್ ಚೇಂಬರಿನ ತಳದಲ್ಲಿ ಬಿಳಿ ಪುಡಿ, ಹಿತ್ತಾಳೆ ಜೆಟ್ಟಿನ ಸುತ್ತ ಹಸಿರು ಕಿಲುಬು, ಗೋಡೆಗೆ ಮೆತ್ತಿಕೊಂಡ ಕಂದು ಅಂಟು. ‘ಇದು ಹೋಯ್ತು ಸಾರ್, ಬೇರೆ ಹಾಕ್ಸಿಬಿಡಿ’ ಎಂಬ ತೀರ್ಪು ಗ್ಯಾರೇಜಿನಲ್ಲಿ ಬೇಗನೆ ಬಂದುಬಿಡುತ್ತದೆ. ಅದಕ್ಕೆ ತಲೆಯಾಡಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಹಾಳಾಗಿರುವುದು ಯಾವ ಜಾಗ?

ಪುಡಿ ಬಂದದ್ದು ಎಲ್ಲಿಂದ?

ಹಳೇ ಕಾರ್ಬೊರೇಟರ್‌ಗಳ ಬಾಡಿ ಸಾಮಾನ್ಯವಾಗಿ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಎರಕ. ಇವಕ್ಕೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ನೀರಿನ ಪಸೆ ತಗುಲಿದರೆ ಬಿಳಿ ಪುಡಿ ಕಟ್ಟುತ್ತದೆ. ನಿಂತ ಗಾಡಿಯ ಪೆಟ್ರೋಲ್ ಆರಿಹೋದ ಮೇಲೆ ಉಳಿಯುವುದೇ ಆ ಕಂದು ಅಂಟು.

ಈಗಿನ ಇಂಧನ ಈ ಕಾಟವನ್ನು ಇನ್ನಷ್ಟು ಹೆಚ್ಚಿಸಿದೆ. ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಜೆಟ್‌ಗಳು ಮುಳುಗಿರುವುದೂ ಆ ತಳದಲ್ಲೇ. ಎಥನಾಲಿಗೆಂದು ತಯಾರಾಗದ ಹಳೇ ರಬ್ಬರ್, ವಾಷರ್‌ಗಳು ಊದಿಕೊಂಡು ಬಿರಿಯುತ್ತವೆ. ಹಾಗಾಗಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಫ್ಲೋಟ್ ಚೇಂಬರ್ ಬರಿದು ಮಾಡಿಡುವುದೇ ಕ್ಷೇಮ.

ಭಯಪಡಬೇಕಿಲ್ಲದ ಹಾನಿ

ಜೆಟ್, ನೀಡಲ್, ಫ್ಲೋಟ್ ವಾಲ್ವ್, ಗ್ಯಾಸ್ಕೆಟ್ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಇವು ಕಿಲುಬು ಹಿಡಿದರೆ ಇವನ್ನಷ್ಟೇ ಬದಲಿಸಿದರಾಯಿತು. ಚೇಂಬರಿನ ತಳದಲ್ಲಿ ಸಣ್ಣ ಗುಳಿಗಳಿದ್ದರೂ ತೂತಾಗಿ ಸೋರದಿದ್ದರೆ ತೊಂದರೆಯಿಲ್ಲ. ಎಂಜಿನ್ನಿಗೆ ಕೂರುವ ಫ್ಲ್ಯಾಂಜ್ ಬಾಗಿದ್ದರೆ ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿ ಸಮ ಮಾಡಬಹುದು. ಹಿತ್ತಾಳೆಯ ಫ್ಲೋಟ್ ಒಳಗೆ ಪೆಟ್ರೋಲ್ ಸೇರಿದೆಯೇ ಎಂದು ಅಲ್ಲಾಡಿಸಿ ನೋಡಿದರೆ ಗೊತ್ತಾಗುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ತೆಗೆದು ಬೆಸುಗೆ ಹಾಕಿಸಬಹುದು. ಆದರೆ ಬೆಸುಗೆ ಹೆಚ್ಚಾದರೆ ಫ್ಲೋಟಿನ ತೂಕ ಏರುತ್ತದೆ, ಚೇಂಬರಿನಲ್ಲಿ ಪೆಟ್ರೋಲ್ ಮಟ್ಟವೂ ಅದರೊಂದಿಗೇ ಏರುತ್ತದೆ.

ತೀರ್ಮಾನ ಹೇಳುವ ಎರಡು ಜಾಗ

ಮೊದಲನೆಯದು ಐಡ್ಲಿಂಗಿಗೆ ಪೆಟ್ರೋಲ್ ಒಯ್ಯುವ ಸಣ್ಣ ದಾರಿ. ಇದು ಬಾಡಿಯ ಒಳಗೇ ಕೊರೆದ ಕಿರುರಂಧ್ರ. ಕಾರ್ಬ್ ಕ್ಲೀನರ್ ಸ್ಪ್ರೇಯ ಸಣ್ಣ ನಳಿಕೆಯನ್ನು ಒಂದು ತುದಿಗೆ ಇಟ್ಟು ಒತ್ತಿದರೆ ಇನ್ನೊಂದು ತುದಿಯಿಂದ ಧಾರೆ ನೇರವಾಗಿ ಚಿಮ್ಮಬೇಕು. ಬಾರದಿದ್ದರೆ ನೆನೆಹಾಕಿ, ಗಾಳಿ ಹೊಡೆಸಿ, ವೈರಿನೊಳಗಿನ ತಾಮ್ರದ ಎಳೆಯೊಂದನ್ನು ತೂರಿಸಿ ನೋಡಬೇಕು. ಅಲ್ಟ್ರಾಸಾನಿಕ್ ತೊಟ್ಟಿ ಇರುವ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಉಕ್ಕಿನ ಪಿನ್ನು ಬೇಡ, ಅದು ರಂಧ್ರವನ್ನೇ ಹಿಗ್ಗಿಸುತ್ತದೆ. ವಿನೆಗರ್, ನಿಂಬೆರಸದ ಮನೆಮದ್ದೂ ಬೇಡ. ಆಮ್ಲವು ಕೊಳೆಯ ಜೊತೆಗೆ ಸತುವನ್ನೂ ತಿನ್ನುತ್ತದೆ. ಇಷ್ಟಾದ ಮೇಲೆ ಸ್ಪ್ರೇ ಬರಬಾರದ ಕಡೆಯಿಂದ ಹೊರಬಂದರೆ, ಎರಡು ದಾರಿಗಳ ನಡುವಿನ ಗೋಡೆ ಕರಗಿದೆ ಎಂದರ್ಥ. ಅಂಥ ಬಾಡಿ ಯಾವ ಟ್ಯೂನಿಂಗಿಗೂ ಬಗ್ಗದು.

ಎರಡನೆಯದು, ಆಕ್ಸಿಲರೇಟರ್ ತಿರುವಿದಂತೆ ಮೇಲೇಳುವ ಸ್ಲೈಡ್ ಓಡಾಡುವ ಕೊಳವೆ. ಅಲ್ಲಿ ಗುಳಿ ಬಿದ್ದಿದ್ದರೆ, ಸ್ಲೈಡ್ ಬೆರಳಿಗೆ ಲಟಪಟ ಅಲುಗಿದರೆ, ಬೇಡದ ಗಾಳಿ ಒಳನುಗ್ಗಿ ಐಡ್ಲಿಂಗ್ ನಿಲ್ಲದೆ ಏರಿಳಿಯುತ್ತದೆ. ಒಳ್ಳೆಯ ಲೇತ್ ಕೆಲಸಗಾರರು ಕೊಳವೆಯನ್ನು ಹದವಾಗಿ ಕೊರೆದು ದಪ್ಪ ಸ್ಲೈಡ್ ಕೂರಿಸಬಲ್ಲರು. ಖರ್ಚು ಕಡಿಮೆಯಲ್ಲ, ಮೂಲ ಭಾಗವೇ ಇರಬೇಕೆಂಬ ಹಟ ಇದ್ದವರಿಗೆ ಮಾತ್ರ ಅದು ಲಾಭದ ದಾರಿ.

ಇದಲ್ಲದೆ ಇನ್ನೊಂದು ವಾಸಿಯಾಗದ ರೋಗವಿದೆ. ಸೀಸದಂಥ ಕಲ್ಮಶ ಸೇರಿದ ಸತುವಿನ ಎರಕ ಒಳಗಿನಿಂದಲೇ ಊದಿ, ಬಿರುಕು ಬಿಟ್ಟು ಪುಡಿಯಾಗುತ್ತದೆ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಅತಿ ಶುದ್ಧ ಸತುವಿನಿಂದ ಜಮಾಕ್ ಮಿಶ್ರಲೋಹ ರೂಪಿಸಿದ್ದು ಈ ಪೀಡೆಗೆ ಪರಿಹಾರವಾಗಿಯೇ. ಎರಡನೇ ಮಹಾಯುದ್ಧಕ್ಕೂ ಹಿಂದಿನ ವಾಹನದಲ್ಲಿ ಇಂಥ ಬಿರುಕು ಕಂಡರೆ ರಿಪೇರಿಗೆ ದುಡ್ಡು ಸುರಿಯಬಾರದು.

ಬದಲಿಸುವುದಾದರೆ

ಬದಲಿಸಲು ಮೂರು ದಾರಿಗಳಿವೆ. ಮೊದಲನೆಯದು, ಗುಜರಿಯಲ್ಲೋ ಬೇರೆ ಮಾಲೀಕರ ಬಳಿಯೋ ಅದೇ ಮಾದರಿಯ ಹಳೆಯದನ್ನು ಹುಡುಕುವುದು. ಇದರಲ್ಲಿ ಇನ್ನೊಬ್ಬರ ಸವೆತವನ್ನು ಕೊಂಡು ತರುವ ಅಪಾಯವಿದೆ, ಹಾಗಾಗಿ ಮೇಲಿನ ಎರಡೂ ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಬೇಕು. ಎರಡನೆಯದು, ಹಳೇ ಮಾದರಿಯಲ್ಲೇ ಹೊಸದಾಗಿ ತಯಾರಾದದ್ದು. ಬ್ರಿಟಿಷ್ ಬೈಕ್‌ಗಳ ಅಮಲ್ ಕಾರ್ಬೊರೇಟರ್‌ಗಳನ್ನು ಇಂಗ್ಲೆಂಡಿನ ಬರ್ಲೆನ್ ಕಂಪನಿ ಇಂದಿಗೂ ತಯಾರಿಸುತ್ತದೆ. ಅಮಲ್ ಇರುವವರಿಗೆ ಬದಲಿಸಿದರೂ ಗಾಡಿಯ ಅಂದ ಕೆಡದು.

ಮೂರನೆಯದು ಬೇರೆ ಮಾದರಿ. ಜಾವಾದ ಜೆಕ್ ಮೂಲದ ಜಿಕೋವ್ ತೆಗೆದು ಮಿಕುನಿ ಮಾದರಿಯದನ್ನು ಕೂರಿಸುವವರು ಬಹಳ. ಸ್ಟಾರ್ಟ್ ಸುಲಭ, ಬಿಡಿಭಾಗಗಳೂ ಸಿಗುತ್ತವೆ. ಆದರೆ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್ ಹೋಗುವುದು ಪೆಟ್ರೋಲಿನಲ್ಲೇ ಬೆರೆತು. ಜೆಟ್ ಸಣ್ಣದಾದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ಅದೇ ಹೊತ್ತಿಗೆ ಆಯಿಲ್ ಕೂಡ ಕಡಿಮೆಯಾಗುತ್ತದೆ. ಕೊನೆಗೆ ಪಿಸ್ಟನ್ ಸೀಜ್. ಒಂದು ಜೆಟ್ಟಿನಲ್ಲಿ ಉಳಿಸಿದ ದುಡ್ಡು ಬೋರಿಂಗ್ ಕೆಲಸದಲ್ಲಿ ಹಲವು ಪಟ್ಟು ಹೋಗುತ್ತದೆ. ಹೊಸದು ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಬೇಕು: ಕಂದು ಬಣ್ಣವಿದ್ದರೆ ಹದ ಸರಿ, ಬೆಳ್ಳಗಿದ್ದರೆ ಅಪಾಯ.

ಒಟ್ಟು ಲೆಕ್ಕ ಇಷ್ಟೇ. ಒಳದಾರಿ ತೆರೆದಿದ್ದು ಸ್ಲೈಡ್ ಕೊಳವೆ ಗಟ್ಟಿಯಿದ್ದರೆ, ಹೊರಗೆ ಎಷ್ಟೇ ಕುರೂಪವಿದ್ದರೂ ರಿಪೇರಿ ಮಾಡಿಸಿ. ಕೊಳವೆ ಮಾತ್ರ ಸವೆದಿದ್ದರೆ, ದಿನ ಓಡಿಸುವ ಗಾಡಿಗೆ ಬದಲಿ, ಪ್ರದರ್ಶನದ ಗಾಡಿಗೆ ಲೇತ್. ಒಳದಾರಿಯ ಗೋಡೆಯೇ ಹೋಗಿದ್ದರೆ ಬದಲಿಸದೆ ವಿಧಿಯಿಲ್ಲ. ಆಗಲೂ ಹಳೆಯದನ್ನು ಎಸೆಯಬೇಡಿ. ಅದರ ಮುಚ್ಚಳ, ಸ್ಕ್ರೂ ಇನ್ನೊಂದಕ್ಕೆ ಬೇಕಾದೀತು.

2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳು ಬಹುತೇಕ ಫ್ಯೂಯೆಲ್ ಇಂಜೆಕ್ಷನ್‌ಗೆ ಹೊರಳಿದವು. ಕಿವಿಯಿಂದಲೇ ಏರ್ ಸ್ಕ್ರೂ ಹದ ಮಾಡುವ ಮೆಕ್ಯಾನಿಕ್‌ಗಳು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಉಳಿಸಿದರೂ ಬದಲಿಸಿದರೂ ಟ್ಯೂನಿಂಗ್ ತಪ್ಪದು. ಹಾಗಾಗಿ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತುವ ಮೊದಲು ಅಂಥ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ, ಬಿಚ್ಚಿದ ಕಾರ್ಬೊರೇಟರನ್ನು ಅವರ ಮುಂದಿಡಿ.