ಮಾಗಡಿ ಕೆರೆಯ ಮೇಲೆ 8,000 ಚುಕ್ಕೆಗಳು

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ವಿಸ್ತಾರ ಹೆಚ್ಚುಕಡಿಮೆ 50 ಹೆಕ್ಟೇರ್. 2024ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿದ ಈ ಕೆರೆಗೆ ಪ್ರತಿ ಚಳಿಗಾಲ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಹಿಮಾಲಯ ದಾಟುವಾಗ ಇವು 7,000 ಮೀಟರ್ ಮೀರಿ ಹಾರಿದ್ದು ದಾಖಲಾಗಿದೆ. 2021ರ ಡ್ರೋನ್ ನಿಯಮ, ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ ಡ್ರೋನಿಗೆ ಕೊಟ್ಟ ಎತ್ತರ 120 ಮೀಟರ್ ಮಾತ್ರ. ಆದರೂ ಆ ಹಕ್ಕಿಯನ್ನು ಕೆರೆಯಿಂದ ಎಬ್ಬಿಸಿ ಓಡಿಸಲು ಈ ಪುಟ್ಟ ಯಂತ್ರ ಸಾಕು.

ಹೇಳದೆ ಕೇಳದೆ ಬಂದ ಡ್ರೋನನ್ನು ಪತ್ತೆ ಹಚ್ಚುವುದೇ ಕಷ್ಟ. ರಾಡಾರ್ ಪರದೆಯಲ್ಲಿ ಸಣ್ಣ ಡ್ರೋನೂ ದೊಡ್ಡ ಹಕ್ಕಿಯೂ ಒಂದೇ ಬಗೆಯ ಚುಕ್ಕೆ. ಬಾತುಗಳು ಮೇಯಲು ಹೊಲಗಳ ಕಡೆ ಒಟ್ಟಿಗೆ ಎದ್ದವೆನ್ನಿ, ಸಾವಿರಾರು ಚುಕ್ಕೆಗಳ ನಡುವೆ 250 ಗ್ರಾಮಿನದೊಂದನ್ನು ಹುಡುಕಬೇಕು! ಗುಟ್ಟು ಬಿಡುವುದು ರೆಕ್ಕೆ. ಹೆಬ್ಬಾತು ಸೆಕೆಂಡಿಗೆ ನಾಲ್ಕೈದು ಸಲ ರೆಕ್ಕೆ ಬಡಿಯುತ್ತದೆ. ಡ್ರೋನಿನ ಪಂಖ ಅಷ್ಟರಲ್ಲಿ ನೂರರ ಆಸುಪಾಸು ಸುತ್ತು ಹಾಕಿರುತ್ತದೆ. ಸೂಕ್ಷ್ಮ ರಾಡಾರ್ ಹಿಡಿಯುವುದು ಈ ವ್ಯತ್ಯಾಸವನ್ನೇ. ಆದರೆ ಅದೇ ತಾಲ್ಲೂಕಿಗೂ ಚಾಚಿಕೊಂಡ ಕಪ್ಪತಗುಡ್ಡದ ಕಡೆ ತಿರುಗಿಸಿದರೆ ಗಾಳಿಯಂತ್ರಗಳ ರೆಕ್ಕೆಗಳೂ ಅದರ ಕಣ್ಣು ಕಟ್ಟುತ್ತವೆ.

ಇನ್ನೊಂದು ದಾರಿ ಕದ್ದು ಕೇಳುವುದು. ಡ್ರೋನು ಮತ್ತು ರಿಮೋಟ್ ಸಾಮಾನ್ಯವಾಗಿ 2.4 ಅಥವಾ 5.8 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಹಾರುವ ಮಾರ್ಗವನ್ನು ಮೊದಲೇ ತುಂಬಿಸಿ ಬಿಟ್ಟ ಡ್ರೋನು ಮಾತ್ರ ಬಾಯಿ ಬಿಡದೆ ಹಾರಬಲ್ಲದು.

ಸರಿ, ಕಂಡಿತು. ಹೊಡೆದು ಬೀಳಿಸಬಹುದೇ? ಕಾನೂನಿನ ಕಣ್ಣಲ್ಲಿ ಡ್ರೋನೂ ಒಂದು ವಿಮಾನ. ಕೆರೆಯ ಕಾವಲುಗಾರನಾಗಲಿ ಪಕ್ಕದ ಹೊಲದ ರೈತನಾಗಲಿ ಅದಕ್ಕೆ ಗುಂಡು ಹಾರಿಸುವಂತಿಲ್ಲ. ಹಾರಿಸಿದರೂ ಮೊದಲು ಬೆದರುವುದು ಬಾತುಗಳೇ. ಕೇಂದ್ರದ ಅನುಮತಿ ಇಲ್ಲದೆ ಜಾಮರ್ ಬಳಸುವಂತೆಯೂ ಇಲ್ಲ, ಅದು ಸರಿಯೂ ಹೌದು: 2.4 ಗಿಗಾಹರ್ಟ್ಸ್ ಕೆಡಿಸಿದರೆ ಸುತ್ತಲಿನ ವೈಫೈಯೂ ಕೆಡುತ್ತದೆ. ಜಾಮ್ ಮಾಡಿ ಲೇಸರ್‌ನಿಂದ ಸುಡುವ ವ್ಯವಸ್ಥೆಗೆ ನೌಕಾಪಡೆ ಬೆಂಗಳೂರಿನ ಬಿಇಎಲ್ ಜೊತೆ 2021ರ ಆಗಸ್ಟ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಅಂಥದ್ದು ಹಕ್ಕಿಗಳ ಕೆರೆಗೆ ಬರುವ ಮಾತಲ್ಲ.

ಹಾಗಾಗಿ ನನಗೆ ಕಾಣುವ ನಿಜವಾದ ತಡೆ ನೆಲದಲ್ಲಿದೆ. ಏರಿಯ ಮೇಲೋ ಬೇಲಿಯ ಮರೆಯಲ್ಲೋ ರಿಮೋಟ್ ಹಿಡಿದವನನ್ನು ಹುಡುಕಿ, ಪೊಲೀಸರಿಗೆ ತಿಳಿಸಿ, ಡ್ರೋನಿನ ನೋಂದಣಿ ಸಂಖ್ಯೆ ಕೇಳಬೇಕು. 2021ರ ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಮನುಷ್ಯ ಸಿಗಬೇಕಲ್ಲ! 2018ರ ಡಿಸೆಂಬರಿನಲ್ಲಿ ಡ್ರೋನ್ ಕಂಡಿತೆಂಬ ಸುದ್ದಿಗೇ ಲಂಡನ್ನಿನ ಗಾಟ್ವಿಕ್ ನಿಲ್ದಾಣದಲ್ಲಿ ಸುಮಾರು 1,000 ವಿಮಾನಗಳ ಹಾರಾಟ ಅಸ್ತವ್ಯಸ್ತವಾಗಿ 1.4 ಲಕ್ಷ ಪ್ರಯಾಣಿಕರು ಪರದಾಡಿದರು. ಅಷ್ಟು ದೊಡ್ಡ ಪೊಲೀಸ್ ತನಿಖೆಗೂ ಹಾರಿಸಿದವರು ಸಿಗಲಿಲ್ಲ.